ಒಂದು ಇಲ್ಲ, ಒಂದು ಹೆಚ್ಚು

ಸತ್ತವಳ ಧ್ವನಿ ಮಾತಾಡಿದಾಗ ಕೋಣೆಯಲ್ಲಿ ಐವರಿದ್ದರು. ಅವರಲ್ಲಿ ಒಬ್ಬರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

"ರೀ, ಎಂಟು ಗಂಟೆ ಆಯ್ತು," ಎಂದಿತು ಧ್ವನಿ.

ಪಕ್ಕದ ಮನೆಯ ಟೈಲರಮ್ಮ ಗೋಡೆಗೆ ಒರಗಿಕೊಂಡರು.

"ಬಿಳಿ ಮಾತ್ರೆ..."

ಆಮೇಲೆ ಮೌನ. ಯಾರೋ ಮಾತಿನ ನಡುವೆ ಬಾಯಿ ಮುಚ್ಚಿಕೊಂಡಂಥ ಮೌನ.

"ಸಾಕು ರೀ. ನೀರು ಕುಡೀರಿ."

ಇನ್ಸ್‌ಪೆಕ್ಟರ್ ಧ್ವನಿ ಬಂದ ಕಡೆ ತಿರುಗಿದರು. ಮಂಚದ ಪಕ್ಕದ ಮೇಜಿನ ಮೇಲೆ ಟಿಫಿನ್ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ. ಅದಕ್ಕೊಂದು ಗುಂಡಿ. ಗುಂಡಿಯ ಮೇಲೆ ಯಾರೋ ದಾರದ ಸಣ್ಣ ಗಂಟೊಂದನ್ನು ಅಂಟಿಸಿದ್ದರು. ಕಣ್ಣು ಕಾಣದವರ ಬೆರಳಿಗೆ ಸಿಗಲಿ ಎಂದು.

ಮಂಚದ ಮೇಲೆ ಮಲಗಿದ್ದವರು ವಾದ್ಯ ರಿಪೇರಿ ಮಾಡುತ್ತಿದ್ದ ಮೇಷ್ಟ್ರು. ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಕಿವಿ ಮಾತ್ರ ಕೊನೆಯವರೆಗೂ ಸೂಜಿಯ ಹಾಗಿತ್ತು. ರಾತ್ರಿ ನಿದ್ದೆಯಲ್ಲೇ ಹೋಗಿದ್ದರು. ಹೃದಯದ ಮಾತ್ರೆ ಮಿತಿ ಮೀರಿ ಹೊಟ್ಟೆ ಸೇರಿದೆ ಎಂದು ಡಾಕ್ಟರು ಹೇಳಿ, ಆ ಮಾತು ಪೊಲೀಸರಿಗೂ ಮುಟ್ಟಿತ್ತು.

"ಅದು ನಮ್ಮತ್ತೆ," ಎಂದಳು ಮೇಷ್ಟ್ರ ಅಕ್ಕನ ಮಗಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. "ಮಾವನ ಹೆಂಡ್ತಿ. ತೀರಿಕೊಂಡು ಒಂದು ವರ್ಷ ಆಯ್ತು. ಮಾತ್ರೆ ಡಬ್ಬಿಯೊಳಗೆ ಅವರದ್ದೇ ಧ್ವನಿ."

"ಡಬ್ಬಿ ನಮ್ಮ ಕಂಪನಿದು ಮೇಡಂ," ಎಂದರು ಮೂಲೆಯಲ್ಲಿ ನಿಂತಿದ್ದ ಕಂಪನಿಯ ಯಜಮಾನರು. ಐವತ್ತು ದಾಟಿದವರು, ಮೆದು ಮಾತಿನವರು. "ಧ್ವನಿಯಮ್ಮ ಅಂತಲೇ ಕರೀತಿದ್ವಿ ಅವರನ್ನ. ಕಣ್ಣಿಲ್ಲದವರಿಗೆ ಯಾವ ಮಾತ್ರೆ, ಎಷ್ಟು ಅಂತ ಹೇಳೋ ಡಬ್ಬಿ. ಊರೂರಲ್ಲಿ ಅವರ ಧ್ವನೀನೇ ಓಡಾಡ್ತಿದೆ."

"ಎಷ್ಟು ಅಂತ ಹೇಳಲಿಲ್ಲವಲ್ಲ ಈಗ?"

ಹುಡುಗಿ ಡಬ್ಬಿಯನ್ನೇ ನೋಡುತ್ತಿದ್ದಳು. "ಅದೇ ಮೇಡಂ. 'ಬಿಳಿ ಮಾತ್ರೆ, ಒಂದು' ಅಂತಾರೆ ಯಾವಾಗ್ಲೂ. ಇವತ್ತು 'ಒಂದು' ಅನ್ನಲೇ ಇಲ್ಲ. ಗಂಡ ಹೋದ್ರು ಅಂತ ಅವರಿಗೆ ಗೊತ್ತಾಗಿದೆ."

ಇನ್ಸ್‌ಪೆಕ್ಟರಿಗೆ ದೆವ್ವದ ಮೇಲೆ ನಂಬಿಕೆ ಇರಲಿಲ್ಲ. ಆದರೂ ಕುತ್ತಿಗೆಯ ಹಿಂದೆ ತಣ್ಣಗಿನ ಬೆರಳೊಂದು ಮುಟ್ಟಿದಂತಾಯಿತು. ತೀರಿಕೊಂಡ ತಮ್ಮ ತಾಯಿಯ ಮುಖ ಅವರಿಗೆ ನೆನಪಿತ್ತು. ಧ್ವನಿ ನೆನಪಿರಲಿಲ್ಲ.

ಅವರ ಕಣ್ಣು ಮೇಷ್ಟ್ರ ಪಾದಗಳ ಮೇಲೆ ನಿಂತಿತು. ಶಾಲೊಂದನ್ನು ಅಚ್ಚುಕಟ್ಟಾಗಿ ಹೊದಿಸಿದ್ದರು.

"ಇದು ಯಾರು ಹೊದಿಸಿದ್ದು?"

"ನಾನು," ಎಂದರು ಯಜಮಾನರು. "ಪಾದ ತಣ್ಣಗಾದ್ರೆ ಮೇಷ್ಟ್ರಿಗೆ ನಿದ್ದೆ ಬರ್ತಿರಲಿಲ್ಲ. ಇವರೆಲ್ಲ ಹೊರಗೆ ಡಾಕ್ಟರ ಹತ್ರ ಇದ್ರು. ಸುಮ್ಮನೆ ಕೂತಿರಲಾರದೆ ಹೊದಿಸಿದೆ."

ಒಳ್ಳೆಯ ಮನಸ್ಸು ಎಂದುಕೊಂಡರು ಇನ್ಸ್‌ಪೆಕ್ಟರ್.

* * *

ಟೈಲರಮ್ಮನ ಮನೆ ಒಂದೇ ಗೋಡೆಯ ಆಚೆ. ಹೊಲಿಗೆ ಯಂತ್ರ ಆ ಗೋಡೆಗೇ ತಾಗಿಕೊಂಡಿತ್ತು. ಟೈಲರಮ್ಮ ಚಹಾ ತಂದುಕೊಟ್ಟರು.

"ಹುಡುಗಿ ನಿನ್ನೆ ಕೂಗಾಡಿದ್ಲಂತೆ?"

"ಯಾರು ಹೇಳಿದ್ದು ಅದನ್ನ? ಎದುರುಮನೆಯೋಳಾ? ಅವಳಿಗೆ ಬಾಯೊಂದು ಕೊಟ್ಟು ಬಾಗಿಲು ಕೊಟ್ಟಿಲ್ಲ ದೇವರು." ಟೈಲರಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. "ಕೂಗಿದ್ದು ನಿಜ. 'ಸಾಕಾಗಿ ಹೋಗಿದೆ ಮಾವಾ ನಂಗೆ' ಅಂದ್ಲು. ಯಾಕೆ ಹೇಳಿ? ಮೇಷ್ಟ್ರು ಹೊತ್ತಿಲ್ಲ ಗೊತ್ತಿಲ್ಲ, ಆ ಗುಂಡಿ ಒತ್ತಿ ಒತ್ತಿ ಹೆಂಡ್ತಿ ಮಾತು ಕೇಳ್ತಿದ್ರು. 'ರೀ, ರೀ' ಅಂತ ದಿನವೆಲ್ಲಾ. ಸತ್ತೋರ ಜೊತೆ ಇರೋ ಮನೇಲಿ ವಯಸ್ಸಿನ ಹುಡುಗಿ ಹೇಗೆ ಓದ್ಬೇಕು? ನರ್ಸಿಂಗ್ ಕೋರ್ಸಿಗೆ ಸೀಟು ಸಿಕ್ಕಿದೆ ಪಾಪ ಅದಕ್ಕೆ. ಈಗ ಪೊಲೀಸು ಅಂದ್ರೆ ಯಾರು ಸೇರಿಸ್ಕೋತಾರೆ?"

"ರಾತ್ರಿ ಏನಾದ್ರೂ ಕೇಳಿಸ್ತಾ?"

ಟೈಲರಮ್ಮ ಎದ್ದರು. ಬಾಗಿಲು ಹಾಕಿಬಂದರು.

"ನಗಬಾರದು ನೀವು."

"ನಗಲ್ಲ ಅಮ್ಮ."

"ಬೆಳಿಗ್ಗೆ ಎಂಟು, ರಾತ್ರಿ ಎಂಟು, ಡಬ್ಬಿ ಮಾತಾಡೋ ಹೊತ್ತಿಗೆ ನಾನು ಮೆಷಿನ್ ನಿಲ್ಲಿಸ್ತೀನಿ. ದಿನಾ. ಈ ಗಡಗಡದಲ್ಲಿ ಮೇಷ್ಟ್ರಿಗೆ ಆಕೆ ಮಾತು ಕೇಳಿಸದೆ ಹೋದ್ರೆ ಅಂತ. ನಿಲ್ಲಿಸಿದ್ಮೇಲೆ ನಂಗೂ ಸ್ಪಷ್ಟ ಕೇಳಿಸತ್ತೆ. 'ಬಿಳಿ ಮಾತ್ರೆ, ಒಂದು.' ವರ್ಷದಿಂದ ಅದೇ. ನಿನ್ನೆ ರಾತ್ರಿ..." ಅವರು ದನಿ ತಗ್ಗಿಸಿದರು. "ನಿನ್ನೆ ಆಕೆ 'ಐದು' ಅಂದ್ಲು."

"ಏನಂದ್ರಿ?"

"'ಬಿಳಿ ಮಾತ್ರೆ, ಐದು.' ಅವಳ ಬಾಯಲ್ಲೇ. ಮೈ ಜುಂ ಅಂತು. ಗಂಡನ್ನ ಕರ್ಕೊಂಡು ಹೋಗೋಕೆ ಬಂದಿದಾಳೆ ಅನ್ಕೊಂಡೆ. ನಾನು ಎದ್ದು ಹೋಗಿ ಬಾಗಿಲು ತಟ್ಟಬೇಕಿತ್ತು. ಹೆದರಿ ಕೂತ್ಬಿಟ್ಟೆ. ಹುಡುಗಿ ಕಿವಿಗೆ ಹತ್ತಿ ಇಟ್ಕೊಂಡು ಓದತ್ತೆ, ಅದಕ್ಕೆ ಕೇಳಿಸಿರಲ್ಲ."

ಇನ್ಸ್‌ಪೆಕ್ಟರ್ ಚಹಾ ಲೋಟವನ್ನು ಕೆಳಗಿಟ್ಟರು. "ಈ ಮಾತು ಇನ್ಯಾರಿಗೆ ಹೇಳಿದ್ದೀರಿ?"

"ಯಾರಿಗೂ ಇಲ್ಲ. ಅರಳುಮರಳು ಅಂತಾರೆ."

"ಹೇಳಬೇಡಿ. ಆ ಹುಡುಗಿಗೂ ಹೇಳಬೇಡಿ."

* * *

ಮೇಲಧಿಕಾರಿಯ ಫೋನು ಜೀಪಿನಲ್ಲೇ ಬಂತು.

"ಮಾತ್ರೆ ತುಂಬೋದು ಅವಳು. ಕೂಗಾಡಿದ್ದು ಅವಳು. ಮನೆ ಬರೋದೂ ಅವಳಿಗೆ. ಸಂಜೆಯೊಳಗೆ ಒಳಗೆ ಹಾಕ್ರಿ. ಇನ್ನೇನು, ದೆವ್ವಕ್ಕೆ ಕೋಳ ತೊಡಿಸ್ತೀರಾ?"

"ಸಂಜೆವರೆಗೆ ಸಮಯ ಕೊಡಿ ಸರ್."

ಸಂಶಯಕ್ಕೆ ಇನ್ನೊಬ್ಬನೂ ಇದ್ದ. ಡಬ್ಬಿಗಳನ್ನು ನೋಡಿಕೊಳ್ಳುತ್ತಿದ್ದ ಕಂಪನಿಯ ಹುಡುಗ. ಎಲ್ಲರೂ ಸರ್ವಿಸ್ ಅಣ್ಣ ಎನ್ನುತ್ತಿದ್ದರು. ನಿನ್ನೆ ಮಧ್ಯಾಹ್ನ ಮೇಷ್ಟ್ರ ಮನೆಗೆ ಬಂದಿದ್ದವನು ಅವನು. ಬೆಳಿಗ್ಗೆ ಹುಡುಗಿ ಮೊದಲು ಫೋನ್ ಮಾಡಿದ್ದೂ ಅವನಿಗೇ. ಡಬ್ಬಿಯನ್ನು ಕಾಗದದ ಚೀಲದಲ್ಲಿಟ್ಟು ಮೊಹರು ಹಾಕುತ್ತಿದ್ದಾಗ ಅವನು ಮೇಷ್ಟ್ರ ಅಂಗಳದಲ್ಲಿ ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಮಾಡಲು ಬೇರೆ ಕೆಲಸ ತೋಚದೆ.

"ನಿನ್ನೆ ಏನು ಮಾಡಿದೆ ಈ ಡಬ್ಬಿಗೆ?"

"ಹೊಸ ಪ್ಯಾಕೇಜ್ ಹಾಕಿದೆ ಮೇಡಂ. ಅಂದ್ರೆ ಡಬ್ಬಿಗೆ ಬೇಕಾದ ಫೈಲುಗಳ ಗಂಟು. ಡಾಕ್ಟ್ರು ಮಾತ್ರೆ ಬದಲಾಯಿಸಿದಾಗ, ಏನಾದ್ರೂ ತಿದ್ದಿದಾಗ, ಆಫೀಸಿಂದ ಕಾರ್ಡಲ್ಲಿ ಕೊಟ್ಟು ಕಳಿಸ್ತಾರೆ. 'ಹೊಸದು ಹಾಕಿದ್ದೀನಿ ಮೇಷ್ಟ್ರೇ' ಅಂದೆ. 'ಅವಳ ಧ್ವನಿ ಮುಟ್ಟಿಲ್ಲ ತಾನೆ?' ಅಂದ್ರು. ಇಲ್ಲ ಅಂದೆ."

"ಮೇಷ್ಟ್ರಿಗೂ ನಿನಗೂ ಜಗಳ ಇತ್ತಂತೆ."

ಅವನ ಕಿವಿ ಕೆಂಪಾಯಿತು. "ಜಗಳ ಅಲ್ಲ. ಅವರ ಅಕ್ಕನ ಮಗಳನ್ನ ಕೊಡಿ ಅಂತ ಅವರನ್ನ ಕೇಳಿದ್ದೆ. ಮದುವೆಗೆ. 'ಮೊದಲು ಓದು ಮುಗಿಸಲಿ, ಆಮೇಲೆ ಅವಳನ್ನೇ ಕೇಳು, ನನ್ನನ್ಯಾಕೆ ಕೇಳ್ತೀಯೋ ದಡ್ಡ' ಅಂತ ಬೈದ್ರು. ಬೈದು ಚಹಾ ಕೊಡಿಸಿದ್ರು."

"ಗುಂಡಿ ಮೇಲೆ ದಾರದ ಗಂಟು ಅಂಟಿಸಿದ್ದು ನೀನಾ?"

"ಹೂಂ. ಬೆರಳಿಗೆ ಸಿಗ್ತಿರಲಿಲ್ಲ ಅವರಿಗೆ."

ಇನ್ಸ್‌ಪೆಕ್ಟರ್ ಅವನ ಮುಖವನ್ನು ಹೆಚ್ಚು ಹೊತ್ತು ನೋಡಲಿಲ್ಲ. ದಾರದ ಗಂಟು ಅಂಟಿಸಿದವನು ಕೊಲ್ಲಲಾರ ಎಂದು ಯಾವ ಕಾನೂನೂ ಹೇಳುವುದಿಲ್ಲ.

* * *

ಕಂಪನಿ ಎಂದರೆ ಎರಡು ಕೋಣೆ. ಒಂದರ ಗೋಡೆಗೆಲ್ಲಾ ದಪ್ಪ ಕಂಬಳಿ. ಅಲ್ಲಿ ಧ್ವನಿಯಮ್ಮ ಕೂತು ಓದುತ್ತಿದ್ದರಂತೆ. ಅವರ ಕುರ್ಚಿ ಇನ್ನೂ ಅಲ್ಲೇ ಇತ್ತು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ.

ಇನ್ನೊಂದು ಕೋಣೆಯಲ್ಲಿ ದಪ್ಪ ಕನ್ನಡಕದ ಯುವತಿ. ಪ್ರತಿ ಪ್ಯಾಕೇಜ್ ಹೊರಡುವ ಮೊದಲು ತಾಳೆ ನೋಡುವುದು ಅವಳ ಕೆಲಸ. ಅದಕ್ಕೇ ಅವಳು ಆಫೀಸಿಗೆಲ್ಲ ತಾಳೆಯಮ್ಮ.

"ಪ್ರತಿ ಪ್ಯಾಕೇಜಿನ ಜೊತೆ ಒಂದು ಪಟ್ಟಿ ಇರತ್ತೆ," ಎಂದು ವಿವರಿಸಿದಳು. "ಒಳಗೆ ಯಾವ ಯಾವ ಫೈಲು ಇರಬೇಕು ಅಂತ. ಒಂದೊಂದು ಮಾತಿಗೆ ಒಂದೊಂದು ಫೈಲು. 'ಬಿಳಿ ಮಾತ್ರೆ' ಒಂದು, 'ಅರ್ಧ' ಒಂದು, 'ಸಾಕು' ಒಂದು. ಹೆಸರೆಲ್ಲಾ ಕನ್ನಡದಲ್ಲೇ. ಧ್ವನಿಯಮ್ಮನ ಹಟ. 'ನಾನು ಆಡಿದ ಮಾತಿಗೆ ನನ್ನ ಮಾತಲ್ಲೇ ಹೆಸರಿಡಿ' ಅಂದ್ರು. ಪಟ್ಟಿಯಲ್ಲಿದ್ದು ಒಳಗಿಲ್ಲ ಅಂದ್ರೆ ತಪ್ಪು. ಒಳಗಿದ್ದು ಪಟ್ಟಿಯಲ್ಲಿಲ್ಲ ಅಂದ್ರೂ ತಪ್ಪು."

"ಈ ಡಬ್ಬಿಯ ತಾಳೆ ನೋಡಿ."

ತಾಳೆಯಮ್ಮ ಡಬ್ಬಿಗೆ ತಂತಿ ಚುಚ್ಚಿದಳು. ಪರದೆಯ ಮೇಲೆ ಹೆಸರುಗಳು ಸರಸರನೆ ಓಡಿದವು. ನಿಂತವು. ಕೊನೆಯಲ್ಲಿ ಎರಡೇ ಸಾಲು ಉಳಿದವು.

ಪಟ್ಟಿಯಲ್ಲಿದೆ, ಡಬ್ಬಿಯಲ್ಲಿಲ್ಲ: ಒಂದು

ಡಬ್ಬಿಯಲ್ಲಿದೆ, ಪಟ್ಟಿಯಲ್ಲಿಲ್ಲ: ಒ೦ದು

ಇಬ್ಬರೂ ಪರದೆಯ ಹತ್ತಿರ ಬಗ್ಗಿದರು.

"ಏನಿದು?" ಎಂದರು ಇನ್ಸ್‌ಪೆಕ್ಟರ್ ಕೊನೆಗೆ. "ಒಂದೇ ಹೆಸರು. ಇಲ್ಲ ಅಂತಲೂ ಹೇಳ್ತಿದೆ, ಇದೆ ಅಂತಲೂ ಹೇಳ್ತಿದೆ."

"ಹೀಗೆ ಯಾವತ್ತೂ ಬಂದಿಲ್ಲ." ತಾಳೆಯಮ್ಮ ಮತ್ತೆ ತಾಳೆ ನೋಡಿದಳು. ಮತ್ತೆ ಅವೇ ಎರಡು ಸಾಲು. ಅವಳು ಅರಿವಿಲ್ಲದೆ ಕಂಬಳಿಯ ಕೋಣೆಯ ಕಡೆ ನೋಡಿದಳು. "ಇದ್ದೂ ಇಲ್ಲದ ಹಾಗಿರೋದು ಅಂದ್ರೆ..."

"ನೀವೂ ಶುರು ಮಾಡಬೇಡಿ ತಾಯಿ. ಒಳಗಿದೆಯಲ್ಲ, ಆ ಫೈಲಲ್ಲಿ ಏನಿದೆ?"

ತಾಳೆಯಮ್ಮ ಒತ್ತಿದಳು. ಧ್ವನಿಯಮ್ಮ ಸ್ಪಷ್ಟವಾಗಿ "ಒಂದು" ಎಂದರು.

"ಇದನ್ನ ಇಲ್ಲಿ ಯಾವಾಗ ಇಟ್ಟಿದ್ದು ಅಂತ ಗೊತ್ತಾಗತ್ತಾ?"

"ಗೊತ್ತಾಗತ್ತೆ..." ಅವಳು ಕನ್ನಡಕ ಮೇಲೇರಿಸಿದಳು. "ಇವತ್ತು ಬೆಳಿಗ್ಗೆ ಮೇಡಂ. ಬೆಳಕು ಹರಿದ ಮೇಲೆ."

ಮೇಷ್ಟ್ರು ಸತ್ತ ಮೇಲೆ. ಆ ಹೊತ್ತಿಗೆ ಮನೆಯಲ್ಲಿ ಹುಡುಗಿ ಇದ್ದಳು, ಸರ್ವಿಸ್ ಅಣ್ಣ ಇದ್ದ, ಟೈಲರಮ್ಮ, ಡಾಕ್ಟರು, ಯಜಮಾನರು ಎಲ್ಲರೂ ಇದ್ದರು.

"ನಿನ್ನೆ ಪ್ಯಾಕೇಜ್ ಕಳಿಸುವಾಗ ತಾಳೆ ಸರಿ ಇತ್ತಾ?"

"ಸರಿ ಇತ್ತು. ನಾನೇ ನೋಡಿದ್ದು."

"ಹೆಸರು 'ಒಂದು' ಅಂತಿದ್ದು ಒಳಗೆ ಬೇರೆ ಮಾತು ತುಂಬಿದ್ರೆ?"

ತಾಳೆಯಮ್ಮ ಪರದೆಯಿಂದ ಹಿಂದೆ ಸರಿದಳು. "ನನ್ನ ತಾಳೆ ಹೆಸರು ನೋಡತ್ತೆ ಮೇಡಂ. ಒಳಗಿರೋದನ್ನ ನೋಡಲ್ಲ. ಡಬ್ಬದ ಮೇಲೆ ಸಕ್ಕರೆ ಅಂತ ಬರೆದು ಉಪ್ಪು ತುಂಬಿದ್ರೂ ಸಕ್ಕರೆ ಅಂತಲೇ ಅನ್ನತ್ತೆ. ಅಯ್ಯೋ, ಹಾಗೇನಾದ್ರೂ... ನಾನೇ ಸರಿ ಅಂತ ಕಳಿಸಿದೆನಾ?"

"ಹೆಸರು ಸರಿ ಇತ್ತು. ನೀವು ಸರಿ ಅಂದಿರಿ. ಅಳಬೇಡಿ." ಇನ್ಸ್‌ಪೆಕ್ಟರ್ ಅವಳ ನೀರಿನ ಬಾಟಲಿಯನ್ನು ಹತ್ತಿರ ಸರಿಸಿದರು. "ನೀವು ನೋಡಿದ ಮೇಲೆ ಕಾರ್ಡು ಯಾರ ಕೈಲಿತ್ತು?"

"ನಾನು ಊಟಕ್ಕೆ ಹೋದಾಗ ಇಲ್ಲೇ ಮೇಜಿನ ಮೇಲಿತ್ತು. ಈ ಕೋಣೆಗೆ ಬೀಗ ಇಲ್ಲ."

ಅಷ್ಟರಲ್ಲಿ ಯಜಮಾನರು ಬಂದರು. ಎರಡು ಸಾಲುಗಳನ್ನೂ ನೋಡಿದರು. ನಿಟ್ಟುಸಿರು ಬಿಟ್ಟರು.

"ಯಂತ್ರ ಅಂದ್ಮೇಲೆ ಒಂದೊಂದು ಸಲ ಹುಚ್ಚು ಹಿಡಿಯತ್ತೆ. ನಮ್ಮ ಕಾಲದ ಕಬ್ಬಿಣದ ಟೈಪ್‌ರೈಟರೇ ವಾಸಿ. ಹೊಡೆದದ್ದು ಹೊಡೆದ ಹಾಗೆ ಕೂರ್ತಿತ್ತು." ಆಮೇಲೆ ಮೆಲ್ಲಗೆ, "ಪಾಪ, ಆ ಹುಡುಗಿ ಮೇಲೆ ಹೆಚ್ಚು ಕಠಿಣ ಆಗಬೇಡಿ ಮೇಡಂ. ಬೇಸತ್ತು ಏನೋ ಮಾಡಿರ್ತಾಳೆ. ಚಿಕ್ಕ ವಯಸ್ಸು," ಎಂದರು.

ಅವರು ಹೊರಟ ಮೇಲೆ ತಾಳೆಯಮ್ಮ ತಡೆದು ತಡೆದು ಹೇಳಿದಳು. "ಇನ್ನೊಂದು ವಿಷಯ ಮೇಡಂ. ದೊಡ್ಡ ಕಂಪನಿಯವರೊಬ್ಬರು ಧ್ವನಿಯಮ್ಮನ ಧ್ವನಿ ತಮಗೆ ಕೊಡಿ ಅಂತ ಕೇಳ್ತಿದ್ರು. ಮನೆಮನೆಗೆ ಫೋನ್ ಮಾಡಿ ವಸ್ತು ಮಾರೋರು. ಆ ಧ್ವನಿ ಕೇಳಿದ್ರೆ ಜನ ನಂಬ್ತಾರಂತೆ. ಸಾರ್‌ಗೆ ಆಸೆ ಇತ್ತು. ಆದ್ರೆ ಮೇಷ್ಟ್ರು ಬದುಕಿರೋವರೆಗೂ ಅವರು ಒಪ್ಪದೆ ಬೇರೆ ಕಡೆ ಕೊಡೋ ಹಾಗಿರಲಿಲ್ಲ. ಅಮ್ಮ ಹಾಗೇ ಕರಾರು ಮಾಡಿದ್ರು. ಸಾರ್ ಕೇಳೋಕೆ ಹೋದಾಗ ನಾನೂ ಜೊತೆಗಿದ್ದೆ."

"ಮೇಷ್ಟ್ರು ಏನಂದ್ರು?"

"'ನನ್ನ ಹೆಂಡತಿ ಬದುಕಿರೋವಾಗ ಒಂದು ಸುಳ್ಳು ಹೇಳಿದವಳಲ್ಲ. ಸತ್ತ ಮೇಲೆ ಹೇಳಿಸಬೇಡಿ' ಅಂದ್ರು."

* * *

ಉದ್ದೇಶ ಸಿಕ್ಕಿತು. ಆದರೆ ಉದ್ದೇಶವಿದ್ದವರೆಲ್ಲ ಕೊಲೆಗಾರರಾಗಿದ್ದರೆ ಜೈಲುಗಳು ಸಾಲುತ್ತಿರಲಿಲ್ಲ. ಠಾಣೆಯ ಬೆಂಚಿನ ಮೇಲೆ ಹುಡುಗಿ ಕೂತಿದ್ದಳು. ಮಹಿಳಾ ಪೇದೆಯೊಬ್ಬಳು ತನ್ನ ಸ್ವೆಟರನ್ನು ಅವಳ ಹೆಗಲಿಗೆ ಹಾಕಿದ್ದಳು. ಕಿಟಕಿಯ ಬಿಸಿಲು ಹಳದಿಗೆ ತಿರುಗುತ್ತಿತ್ತು.

ಠಾಣೆಯ ರೈಟರು ಹುಡುಗಿಯ ಹೇಳಿಕೆಯನ್ನು ಟೈಪ್ ಮಾಡಿ ಮುಗಿಸಿದ್ದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಇನ್ಸ್‌ಪೆಕ್ಟರ್ ಅವರ ಕಂಪ್ಯೂಟರಿನ ಮುಂದೆ ಕೂತರು. 'ಒಂದು' ಎಂಬ ಮಾತು ಹೇಳಿಕೆಯಲ್ಲಿ ಎಲ್ಲೆಲ್ಲಿ ಬಂದಿದೆ ನೋಡೋಣವೆಂದು ಆ ಪದವನ್ನು ಹುಡುಕಾಟಕ್ಕೆ ಕೊಟ್ಟರು.

ಸಿಗಲಿಲ್ಲ, ಎಂದಿತು ಕಂಪ್ಯೂಟರು.

ಕಣ್ಣ ಮುಂದೆಯೇ ಇತ್ತು. ಎರಡನೆಯ ಸಾಲಿನಲ್ಲಿ. 'ಅತ್ತೆ ಒಂದು ಎಂದು ಹೇಳಲಿಲ್ಲ.'

ಮತ್ತೆ ಹುಡುಕಿದರು. ಸಿಗಲಿಲ್ಲ. ಕುತ್ತಿಗೆಯ ಹಿಂದೆ ಮತ್ತೆ ಅದೇ ತಣ್ಣಗಿನ ಬೆರಳು.

"ರೈಟರೇ! ಇದೇನ್ರೀ ಇದು? ಇರೋದನ್ನ ಇಲ್ಲ ಅಂತಿದೆ."

ರೈಟರು ಓಡಿಬಂದು ನೋಡಿ ನಕ್ಕರು. "ಕ್ಷಮಿಸಿ ಮೇಡಂ, ನನ್ನ ಹಳೇ ಚಾಳಿ. ಬರೋ ಹುಡುಗರೆಲ್ಲ ಬೈತಾರೆ ನನ್ನ. ನಾನು ಟೈಪಿಂಗ್ ಕಲಿತ ಮೆಷಿನ್ನಲ್ಲಿ ಅಕ್ಷರದ ಪಕ್ಕದ ಸೊನ್ನೆಗೂ ಲೆಕ್ಕದ ಸೊನ್ನೆಗೂ ಒಂದೇ ಕೀಲಿ. ಕಂಪ್ಯೂಟರಲ್ಲಿ ಎರಡೂ ಬೇರೆ ಬೇರೆ. ಬೆರಳು ಕೇಳಲ್ಲ, ಅಂಕಿ ಸಾಲಿಗೇ ಹೋಗತ್ತೆ. ಕಾಗದದ ಮೇಲೆ ಬಂದ್ರೆ ಎರಡೂ ಒಂದೇ ಥರ ಗುಂಡಗೆ ಇರತ್ತೆ, ಯಾರಿಗೂ ಗೊತ್ತಾಗಲ್ಲ. ಕಂಪ್ಯೂಟರಿಗೆ ಮಾತ್ರ ಗೊತ್ತಾಗತ್ತೆ."

ಇನ್ಸ್‌ಪೆಕ್ಟರ್ ಅವರನ್ನೇ ದಿಟ್ಟಿಸಿದರು. "ಇನ್ನೊಂದು ಸಲ ಹೇಳಿ."

"ಸೊನ್ನೆಗೆ ಸೊನ್ನೆ ಹೊಡೀತೀನಿ ಮೇಡಂ. ಅಷ್ಟೇ."

"ರೈಟರೇ, ನಿಮ್ಮ ಬೆರಳಿಗೆ ಮುತ್ತು ಕೊಡಬೇಕು."

"ನಮ್ಮನೆಯೋಳಿಗೆ ಹೇಳ್ಬಿಟ್ಟು ಕೊಡಿ," ಎಂದರು ರೈಟರು.

* * *

ಸಂಜೆ ಕಂಪನಿಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಡಬ್ಬಿ ಮೇಜಿನ ನಡುವೆ. ತಾಳೆಯಮ್ಮನ ಕಂಪ್ಯೂಟರಿನಿಂದ ಅದಕ್ಕೊಂದು ತಂತಿ. ಹುಡುಗಿಯ ಹೆಗಲ ಮೇಲೆ ಪೇದೆಯ ಸ್ವೆಟರು ಇನ್ನೂ ಇತ್ತು.

"ಡಬ್ಬಿಯಲ್ಲಿ ಒಂದು ಫೈಲಿನ ಹೆಸರು ಕೆಟ್ಟಿದೆ," ಎಂದರು ಇನ್ಸ್‌ಪೆಕ್ಟರ್. "ಅದಕ್ಕೇ ಅಮ್ಮ 'ಒಂದು' ಅನ್ನುತ್ತಿಲ್ಲ. ಒಬ್ಬೊಬ್ಬರಾಗಿ ಬಂದು ಆ ಹೆಸರನ್ನು ಟೈಪ್ ಮಾಡಿ. ಯಾರ ಕೈಯಲ್ಲಿ ಮಾತಾಡ್ತಾರೋ ನೋಡೋಣ."

"ಇದೇನು ಮೇಡಂ, ದೆವ್ವ ಕರೆಯೋ ಆಟನಾ?" ಸರ್ವಿಸ್ ಅಣ್ಣ ನಗಲು ನೋಡಿದ. ಯಾರೂ ನಗಲಿಲ್ಲ. ಅವನು ಟೈಪ್ ಮಾಡಿ ಗುಂಡಿ ಒತ್ತಿದ.

"ಬಿಳಿ ಮಾತ್ರೆ," ಎಂದಿತು ಧ್ವನಿ. "ಒಂದು. ಸಾಕು ರೀ. ನೀರು ಕುಡೀರಿ."

ಅವನು ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದ. ತಾಳೆಯಮ್ಮ ಹೆಸರನ್ನು ಮತ್ತೆ ಅಳಿಸಿದಳು.

"ಈಗ ನೀನಮ್ಮ."

ಹುಡುಗಿ ಬಂದು ಕೂತಳು. ಒಂದು ಅಕ್ಷರ ತಪ್ಪಿತು, ಅಳಿಸಿದಳು. ಇನ್ಸ್‌ಪೆಕ್ಟರ್ ಒಂದು ಹೆಜ್ಜೆ ಹತ್ತಿರ ಬಂದರು. ಇವಳ ಕೈಯಲ್ಲಿ ಡಬ್ಬಿ ಸುಮ್ಮನಾದರೆ ಮುಂದೆ ಹೇಳಲು ಅವರಲ್ಲಿ ಏನೂ ಇರಲಿಲ್ಲ. ಹುಡುಗಿ ದಾರದ ಗಂಟಿನ ಮೇಲೆ ಬೆರಳಿಟ್ಟಳು.

"ಬಿಳಿ ಮಾತ್ರೆ. ಒಂದು."

"ಅತ್ತೆ," ಎಂದಳು ಹುಡುಗಿ. ಅಷ್ಟೇ.

"ಕೊಡಿ, ಕೊಡಿ, ಇಷ್ಟು ಸಣ್ಣ ಕೆಲಸಕ್ಕೆ," ಎನ್ನುತ್ತ ಯಜಮಾನರು ಬಂದು ಕೂತರು. ವೇಗದ ಕೈ. ಹತ್ತು ಬೆರಳಿನ ಟೈಪಿಂಗು. ಇನ್ಸ್‌ಪೆಕ್ಟರ್ ಆ ಬೆರಳುಗಳನ್ನೇ ನೋಡುತ್ತಿದ್ದರು. ಎರಡನೆಯ ಹೊಡೆತಕ್ಕೆ ಒಂದು ಬೆರಳು ಮೇಲಿನ ಅಂಕಿ ಸಾಲಿಗೆ ಹಾರಿ ಬಂತು.

ಗುಂಡಿ ಒತ್ತಿದರು.

"ಬಿಳಿ ಮಾತ್ರೆ..."

ಮೌನ.

"ಸಾಕು ರೀ. ನೀರು ಕುಡೀರಿ."

"ಸರಿಯಾಗೇ ಹೊಡೆದ್ನಲ್ಲ." ಯಜಮಾನರು ಮತ್ತೆ ಟೈಪ್ ಮಾಡಿದರು. ಪರದೆಯ ಮೇಲೆ ಹೆಸರು ಚೊಕ್ಕವಾಗಿ ಮೂಡಿತು. ಒತ್ತಿದರು.

"ಬಿಳಿ ಮಾತ್ರೆ..."

ಮೌನ.

ಕಂಬಳಿಯ ಕೋಣೆಯ ಬಾಗಿಲು ತೆರೆದಿತ್ತು. ಖಾಲಿ ಕುರ್ಚಿ ಕಾಣುತ್ತಿತ್ತು. ಯಜಮಾನರು ಅದನ್ನು ನೋಡಿ ಕಣ್ಣು ತಿರುಗಿಸಿದರು. ಮತ್ತೆ ಹೊಡೆದರು. ಮತ್ತೆ ಒತ್ತಿದರು. ಮತ್ತೆ ಅದೇ ಅರ್ಧ ಮಾತು, ಅದೇ ಮುಚ್ಚಿದ ಬಾಯಿ.

"ಹೇಳಮ್ಮ," ಎಂದರು ಯಜಮಾನರು. ಡಬ್ಬಿಗೆ ಹೇಳುತ್ತಿದ್ದರು. ದನಿ ಒಡೆದಿತ್ತು. "ಇವರಿಗೆಲ್ಲ ಅಂತೀಯ, ನನಗ್ಯಾಕೆ ಅನ್ನಲ್ಲ? ಒಂದು ಅನ್ನು. ನಿನ್ನೆ ಐದು ಅಂದೆಯಲ್ಲ, ಒಂದು ಅನ್ನೋಕೇನು ನಿಂಗೆ!"

ಸರ್ವಿಸ್ ಅಣ್ಣ ತಲೆಯೆತ್ತಿದ.

"ಐದು ಅಂದಿದ್ದು ನಿಮಗೆ ಹೇಗೆ ಗೊತ್ತು?" ಎಂದರು ಇನ್ಸ್‌ಪೆಕ್ಟರ್. "ಗೋಡೆಯಾಚೆಯ ಟೈಲರಮ್ಮನಿಗೆ ಗೊತ್ತು. ನನಗೆ ಗೊತ್ತು. ಮೇಷ್ಟ್ರಿಗೆ ಗೊತ್ತಿತ್ತು. ನಾಲ್ಕನೆಯವರಿಗೆ ಗೊತ್ತಿರಬೇಕಾದರೆ ಅವರು ಹೇಳಿಸಿದವರೇ ಆಗಿರಬೇಕು."

ಯಜಮಾನರು ಕೀಲಿಗಳಿಂದ ಬೆರಳು ತೆಗೆದರು. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅವು ತಮ್ಮವಲ್ಲ ಎಂಬಂತೆ ನೋಡಿದರು.

* * *

"ನಿನ್ನೆ ತಾಳೆಯಮ್ಮ ಊಟಕ್ಕೆ ಎದ್ದು ಹೋದಾಗ ಇವರು ಕಾರ್ಡು ತಗೊಂಡರು," ಎಂದು ಇನ್ಸ್‌ಪೆಕ್ಟರ್ ಹೇಳಿದರು. "'ಐದು' ಅನ್ನುವ ಧ್ವನಿಯನ್ನು 'ಒಂದು' ಎಂಬ ಫೈಲಿನೊಳಗೆ ತುಂಬಿದರು. ಇದ್ದ ಹೆಸರಿನ ಮೇಲೇ ತುಂಬಿದ್ದರಿಂದ ಟೈಪ್ ಮಾಡಬೇಕಾಗಿ ಬರಲಿಲ್ಲ. ತಾಳೆ ಇನ್ನೊಮ್ಮೆ ನೋಡಿದ್ದರೂ ಸರಿ ಅಂತಲೇ ಬರ್ತಿತ್ತು."

"ನಾನು ಅದನ್ನೇ ಒಯ್ದು ಹಾಕಿದೆ," ಎಂದ ಸರ್ವಿಸ್ ಅಣ್ಣ. ಅವನಿಗೆ ನಿಲ್ಲಲಾಗಲಿಲ್ಲ.

"ನಿನ್ನ ಕೈಗೆ ಕೊಟ್ಟದ್ದನ್ನ ಹಾಕಿದೆ. ಹೊಸದು ಹಾಕಿದ್ದೀನಿ ಅಂತ ನೀನೇ ಹೇಳಿದ್ದರಿಂದ, ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ ಅಂದುಕೊಂಡರು ಮೇಷ್ಟ್ರು. ಅದೂ ಹೇಳಿದವರು ಹೆಂಡತಿ. ಅವಳ ಮಾತನ್ನು ಮೀರಿದವರಲ್ಲ. ಇವತ್ತು ಬೆಳಿಗ್ಗೆ ಗುರುತು ಅಳಿಸಬೇಕಿತ್ತು. ಎಲ್ಲರೂ ಡಾಕ್ಟರ ಹತ್ತಿರ ಹೊರಗಿದ್ದಾಗ ಇವರೊಬ್ಬರೇ ಹೆಣದ ಪಕ್ಕ ಕೂತರು. ಅದನ್ನು ಇವರೇ ನನಗೆ ಹೇಳಿದರು, ಶಾಲು ಹೊದಿಸಿದ ಕಥೆ ಹೇಳುವಾಗ. ಚೀಲದಲ್ಲಿ ತಂದಿದ್ದ ಲ್ಯಾಪ್‌ಟಾಪನ್ನು ಡಬ್ಬಿಗೆ ಜೋಡಿಸಿ, ತಪ್ಪು ಫೈಲು ಅಳಿಸಿ, ಬೇರೆ ಹೆಸರಿನಲ್ಲಿ ತಂದಿದ್ದ ನಿಜವಾದ 'ಒಂದು' ಇಟ್ಟರು. ಈ ಸಲ ಹೆಸರನ್ನು ಕೈಯಾರೆ ಟೈಪ್ ಮಾಡಬೇಕಾಯಿತು. ಕಬ್ಬಿಣದ ಟೈಪ್‌ರೈಟರಿನಲ್ಲಿ ಕಲಿತ ಬೆರಳು, ಅಕ್ಷರದ ಸೊನ್ನೆಯ ಬದಲು ಲೆಕ್ಕದ ಸೊನ್ನೆ ಹೊಡೆಯಿತು. ಕಣ್ಣಿಗೆ ಎರಡೂ ಒಂದೇ. ಡಬ್ಬಿಗೆ ಬೇರೆ. ಪಟ್ಟಿಗೂ ಬೇರೆ. ಒಮ್ಮೆ ಗುಂಡಿ ಒತ್ತಿ ನೋಡಿದ್ದರೆ ತಿಳೀತಿತ್ತು. ಆದರೆ ಆ ಮನೆಯಲ್ಲಿ ಆ ಹೊತ್ತಿಗೆ ಧ್ವನಿಯಮ್ಮ ಮಾತಾಡಿದ್ದರೆ ಎಲ್ಲರೂ ಒಳಗೆ ಓಡಿಬರ್ತಿದ್ದರು."

"ಶಾಲು ಸುಳ್ಳಲ್ಲ," ಎಂದರು ಯಜಮಾನರು ಇದ್ದಕ್ಕಿದ್ದಂತೆ. "ಅವರ ಪಾದ ನೋಡಿದಾಗ... ಅದು ಸುಳ್ಳಲ್ಲ ಮೇಡಂ."

"ಇರಬಹುದು," ಎಂದರು ಇನ್ಸ್‌ಪೆಕ್ಟರ್. ಅವರಿಗೆ ನಿಜವಾಗಿಯೂ ಹಾಗನ್ನಿಸಿತು. ಅದೇ ಹೆಚ್ಚು ಭಯ ಹುಟ್ಟಿಸಿತು. "ಆದರೆ ಜೀವಮಾನದಲ್ಲಿ ಸುಳ್ಳಾಡದವಳ ಬಾಯಿಂದ ಒಂದು ಸುಳ್ಳು ಹೇಳಿಸಿದಿರಿ. ಅದೂ ಅವಳ ಗಂಡನಿಗೆ."

ಯಜಮಾನರು ಎದ್ದರು. ಪೇದೆ ಅವರ ತೋಳು ಹಿಡಿದಳು. ಬಾಗಿಲಲ್ಲಿ ಅವರು ಒಮ್ಮೆ ತಿರುಗಿ ನೋಡಿದ್ದು ಯಾವ ಮನುಷ್ಯರನ್ನೂ ಅಲ್ಲ, ಡಬ್ಬಿಯನ್ನು.

ಹುಡುಗಿ ಸ್ವೆಟರು ಬಿಚ್ಚಿ ಮಡಿಸಿ ಪೇದೆಗೆ ಕೊಡಲು ಹೋದಳು.

"ಇಟ್ಕೋ," ಎಂದಳು ಪೇದೆ. "ಕಾಲೇಜಿಗೆ ಹಾಕ್ಕೊಂಡು ಹೋಗು."

* * *

ಕೋರ್ಟಿನ ಕೆಲಸ ಮುಗಿದ ಮೇಲೆ ಇನ್ಸ್‌ಪೆಕ್ಟರ್ ತಾವೇ ಡಬ್ಬಿಯನ್ನು ಮನೆಗೆ ತಂದುಕೊಟ್ಟರು. ತಾಳೆಯಮ್ಮ ಕೊನೆಯ ಸಲ ತಾಳೆ ನೋಡಿ ಕಳಿಸಿದ್ದಳು. ಈಗ ಹೆಸರನ್ನಷ್ಟೇ ಅಲ್ಲ, ಒಂದೊಂದು ಫೈಲನ್ನೂ ಕೇಳಿ ನೋಡುತ್ತಾಳಂತೆ. ಒಂದೂ ಹೆಚ್ಚಿರಲಿಲ್ಲ, ಒಂದೂ ಕಡಿಮೆ ಇರಲಿಲ್ಲ.

ಹುಡುಗಿ ಡಬ್ಬಿಯನ್ನು ಹಳೆಯ ಮೇಜಿನ ಮೇಲೆ, ಖಾಲಿ ಮಂಚದ ಪಕ್ಕದಲ್ಲಿಟ್ಟಳು. ಪುಸ್ತಕಗಳನ್ನು ಸರಿಸಿ ಇನ್ಸ್‌ಪೆಕ್ಟರಿಗೆ ಕುರ್ಚಿ ಕೊಟ್ಟಳು.

"ಡಬ್ಬಿ ಬಟ್ಟಲಲ್ಲಿ ಮಾತ್ರೆ ಇಲ್ಲ. ಆದ್ರೂ ಹೊತ್ತಿಗೆ ಸರಿಯಾಗಿ ಮಾತಾಡ್ತಾರೆ. ಆಫ್ ಮಾಡ್ಲಾ ಮೇಡಂ?"

"ನಿನ್ನ ಮನೆ, ನಿನ್ನ ಅತ್ತೆ. ನನ್ನನ್ನ ಯಾಕೆ ಕೇಳ್ತೀಯ?"

ಗೋಡೆಯ ಆಚೆ ಹೊಲಿಗೆ ಯಂತ್ರ ಗಡಗಡ ಓಡುತ್ತಿತ್ತು. ಇದ್ದಕ್ಕಿದ್ದಂತೆ ಅದು ನಿಂತಿತು.

ಹುಡುಗಿ ಗಡಿಯಾರ ನೋಡಿದಳು. ಸ್ವಿಚ್ಚಿನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ರೀ, ಎಂಟು ಗಂಟೆ ಆಯ್ತು," ಎಂದಿತು ಧ್ವನಿ ಖಾಲಿ ಮಂಚಕ್ಕೆ. "ಬಿಳಿ ಮಾತ್ರೆ. ಒಂದು."

ಮೂವರೂ ಕೇಳುತ್ತಿದ್ದರು, ಗೋಡೆಯ ಈಚೆ ಇಬ್ಬರು, ಆಚೆ ಒಬ್ಬರು.

"ಸಾಕು ರೀ. ನೀರು ಕುಡೀರಿ."

ಆಮೇಲೆ ಪಕ್ಕದ ಮನೆಯಲ್ಲಿ ಹೊಲಿಗೆ ಯಂತ್ರ ಮತ್ತೆ ಮೆಲ್ಲಗೆ ಶುರುವಾಯಿತು.